ಎಷ್ಟು ಸೋರುತ್ತದೆ, ಎಷ್ಟು ಕಾಡುತ್ತದೆ

ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಚಿಕಿತ್ಸೆ ಆದಮೇಲೆ ಆಸ್ಪತ್ರೆಯಲ್ಲಿ ಆಗಾಗ ಒಂದು ಪ್ರಶ್ನೆಪಟ್ಟಿ ತುಂಬಲು ಕೊಡುತ್ತಾರೆ. ನನಗೆ ಕೊಡುವುದು ಎಪಿಕ್-26. ಹೆಸರೇ ಹೇಳುವಂತೆ 26 ಪ್ರಶ್ನೆ. ಕಳೆದ 4 ವಾರಗಳಲ್ಲಿ ಮೂತ್ರ ಎಷ್ಟು ಸಲ ಸೋರಿತು, ದಿನಕ್ಕೆ ಎಷ್ಟು ಪ್ಯಾಡ್ ಬೇಕಾಯಿತು, ಮಲಕ್ಕೆ ಅವಸರ ಆಗುತ್ತದಾ, ನಿಮಿರುವಿಕೆ ಹೇಗಿದೆ, ಇದ್ದಕ್ಕಿದ್ದಂತೆ ಮೈ ಬಿಸಿಯೇರುತ್ತದಾ, ಮನಸ್ಸು ಕುಗ್ಗಿದೆಯಾ. ಈ ಪಟ್ಟಿಯಲ್ಲಿ ಒಂದು ಒಳ್ಳೆಯ ಜಾಣತನ ಇದೆ. ತೊಂದರೆ ಎಷ್ಟಿದೆ ಎಂದು ಕೇಳಿ ಅಲ್ಲಿಗೆ ಬಿಡುವುದಿಲ್ಲ. ಅದು ನಿಮಗೆ ಎಷ್ಟು ದೊಡ್ಡ ಸಮಸ್ಯೆ ಎಂದು ಬೇರೆಯಾಗಿ ಕೇಳುತ್ತದೆ. ಎರಡಕ್ಕೂ ಒಂದೇ ಉತ್ತರ ಬರಬೇಕಿಲ್ಲ. ನನ್ನ ವಿಷಯದಲ್ಲಂತೂ ಬಂದೇ ಇಲ್ಲ.

ಕಾಯಿಲೆ ಗೊತ್ತಾದ ಕಥೆ ಎಲ್ಲರದ್ದೂ ಹೆಚ್ಚುಕಡಿಮೆ ಒಂದೇ. ಮಾಮೂಲಿ ರಕ್ತ ಪರೀಕ್ಷೆಯಲ್ಲಿ, ಪ್ರಾಸ್ಟೇಟ್ ಗ್ರಂಥಿ ರಕ್ತಕ್ಕೆ ಬಿಡುವ ಪ್ರೋಟೀನ್ ಆದ ಪಿಎಸ್‌ಎ ಜಾಸ್ತಿ ಬಂತು, ಎಂಆರ್‌ಐ ಆಯಿತು, ಬಯಾಪ್ಸಿ ಆಯಿತು. ಕ್ಯಾನ್ಸರ್ ಎಷ್ಟು ಜೋರಿನದು ಅಂತ ಹೇಳುವ ಗ್ಲೀಸನ್ ಸ್ಕೋರ್ 7 ಬಂತು, ಅದೂ 4+3. ಅದೇ 7 ಆದರೂ 3+4 ಬಂದವರಿಗಿಂತ ಇದು ಸ್ವಲ್ಪ ಹಠಮಾರಿ. ಸುಮ್ನೆ ನೋಡುತ್ತಾ ಕೂರುವ ಹಾಗಿರಲಿಲ್ಲ. ರೋಬೋಟ್ ಸಹಾಯದಿಂದ ಶಸ್ತ್ರಚಿಕಿತ್ಸೆ ಮಾಡಿ ಗ್ರಂಥಿಯನ್ನೇ ತೆಗೆದರು. ಆಮೇಲಿನ ಮೊದಲ ಪಿಎಸ್‌ಎ 0.1ಕ್ಕಿಂತ ಕಡಿಮೆ. ಡಾಕ್ಟರ್ ಕೈಕುಲುಕಿದರು. ಮನೆಯವರೆಲ್ಲ ಉಸಿರು ಬಿಟ್ಟರು. ನಾನೂ ನಕ್ಕೆ. ನಕ್ಕಿದ್ದಕ್ಕೇ ಪ್ಯಾಂಟ್ ಒದ್ದೆಯಾಯಿತು.

ಯಾಕೆ ಹೀಗಾಗುತ್ತದೆ ಅಂತ ಮೊದಲೇ ಚಿತ್ರ ಬರೆದು ತೋರಿಸಿದ್ದರು. ಮೂತ್ರಕೋಶದ ಕೆಳಗೆ ಮೂತ್ರನಾಳವನ್ನು ಸುತ್ತಿಕೊಂಡು ಪ್ರಾಸ್ಟೇಟ್ ಇರುತ್ತದೆ. ಮೂತ್ರ ತಡೆಯಲು ಎರಡು ಬಿಗಿಸ್ನಾಯುಗಳಿವೆ. ಒಂದು ಪ್ರಾಸ್ಟೇಟ್‌ನ ಮೇಲೆ, ಮೂತ್ರಕೋಶದ ಬಾಯಲ್ಲಿ. ಅದು ನಮ್ಮ ಗಮನಕ್ಕೇ ಬರದೆ ಹಗಲೂ ರಾತ್ರಿ ಕೆಲಸ ಮಾಡುತ್ತದೆ. ಇನ್ನೊಂದು ಪ್ರಾಸ್ಟೇಟ್‌ನ ಕೆಳಗೆ. ಗ್ರಂಥಿ ತೆಗೆಯುವಾಗ ಮೇಲಿನದು ಬಹುಮಟ್ಟಿಗೆ ಹೋಗುತ್ತದೆ. ಇಷ್ಟು ವರ್ಷ ಇಬ್ಬರು ಮಾಡುತ್ತಿದ್ದ ಕೆಲಸ ಕೆಳಗಿನದೊಂದರ ತಲೆಗೆ ಬೀಳುತ್ತದೆ. ಚಿತ್ರ ನೋಡಿ ಎಲ್ಲ ಅರ್ಥವಾಗಿತ್ತು. ಆದರೆ ಅರ್ಥವಾಗುವುದು ಬೇರೆ, ಮೂತ್ರ ಹೋಗಲು ಹಾಕಿದ್ದ ಕೊಳವೆ, ಅಂದರೆ ಕ್ಯಾಥೆಟರ್, ತೆಗೆದ ದಿನ ಬೇರೆ.

ಆ ದಿನ ನರ್ಸ್ ಕ್ಯಾಥೆಟರ್ ಎಳೆದು ತೆಗೆದು, ಚೆನ್ನಾಗಿ ನೀರು ಕುಡಿಯಿರಿ, ಮೂತ್ರ ಬಂದಂತೆ ಅನಿಸಿದಾಗ ಹೇಳಿ ಅಂದರು. ಕೂತಲ್ಲಿ ಏನೂ ಆಗಲಿಲ್ಲ. ಪರವಾಗಿಲ್ಲವಲ್ಲ ಅಂದುಕೊಂಡು ಎದ್ದು ನಿಂತೆ. ತೊಡೆಯ ಒಳಗಿನಿಂದ ಮೊಣಕಾಲಿನವರೆಗೆ ಬಿಸಿಯಾಗಿ ಇಳಿಯಿತು. ಬರುತ್ತಿದೆ ಅಂತ ಸುಳಿವೂ ಇಲ್ಲ, ತಡೆಯೋಣವೆಂದರೆ ಎಲ್ಲಿ ಹಿಡಿಯಬೇಕು ಅಂತಲೂ ತಿಳಿಯಲಿಲ್ಲ. ನರ್ಸ್‌ಗೆ ಅದು ದಿನವೂ ನೋಡುವ ಸಂಗತಿ. 'ಎಲ್ಲರಿಗೂ ಹೀಗೇ ಸರ್, ಶುರುವಿನಲ್ಲಿ' ಅಂತ ಒಂದು ದಪ್ಪ ಪ್ಯಾಡ್ ಕೈಗಿಟ್ಟರು. ಆ ಮಾತಿನಲ್ಲಿ ನನಗೆ ಸಮಾಧಾನ ಕೊಟ್ಟಿದ್ದು 'ಎಲ್ಲರಿಗೂ' ಅನ್ನುವ ಭಾಗವಲ್ಲ, 'ಶುರುವಿನಲ್ಲಿ' ಅನ್ನುವ ಭಾಗ.

ಸೋರುವಿಕೆ ಒಂದೇ ಸಲಕ್ಕೆ ನಿಲ್ಲುವುದಿಲ್ಲ. ಅದು ಹಿಂದೆ ಸರಿಯುವುದಕ್ಕೂ ಒಂದು ಕ್ರಮ ಇದೆ. ಮೊದಲು ರಾತ್ರಿ ಒಣಗುತ್ತದೆ, ಮಲಗಿದಾಗ ಕೆಳಗಿನ ಸ್ನಾಯುವಿನ ಮೇಲೆ ಭಾರ ಕಡಿಮೆಯಲ್ವಾ, ಅದಕ್ಕೆ. ಆಮೇಲೆ ಬೆಳಗಿನ ಹೊತ್ತು. ಸಂಜೆ ಕಡೆಯದು. ಇಡೀ ದಿನ ಬಿಗಿಹಿಡಿದ ಸ್ನಾಯು ಸಂಜೆಯ ಹೊತ್ತಿಗೆ ಸುಸ್ತಾಗಿರುತ್ತದೆ. ನಾನು ಪಾಠ ಮಾಡುವವನು, ದಿನದಲ್ಲಿ ಬಹುಪಾಲು ನಿಂತೇ ಇರುತ್ತೇನೆ. ಬೆಳಗಿನ ತರಗತಿಯಲ್ಲಿ ನಾನು ಹಳೆಯ ಮನುಷ್ಯ. ಮಧ್ಯಾಹ್ನದ ಕೊನೆಯ ತರಗತಿಯಲ್ಲಿ ಮೇಜಿನ ಹಿಂದಿನಿಂದ ಆಚೆ ಬರುತ್ತಿರಲಿಲ್ಲ. ಬೋರ್ಡಿನ ಮೇಲ್ತುದಿಯಲ್ಲಿ ಬರೆಯಲು ಕೈ ಎತ್ತಿದರೂ ಹನಿ ಬೀಳುತ್ತಿತ್ತು. ಹಾಗಾಗಿ ಬೋರ್ಡಿನ ಕೆಳಗಿನ ಅರ್ಧ ಮಾತ್ರ ಬಳಸುತ್ತಿದ್ದೆ. ಹಿಂದಿನ ಬೆಂಚಿನವರು ಕಾಣಲ್ಲ ಅಂತ ದೂರಿದರು. ನಿಜ ಕಾರಣ ಹೇಳಲು ಆಗುತ್ತಾ?

ನನಗೆ ಹೆಚ್ಚು ಉಪಕಾರ ಮಾಡಿದ್ದು ಫಿಸಿಯೋಥೆರಪಿಸ್ಟ್. ಮೂತ್ರ ತಡೆಯುವ ಸ್ನಾಯುಗಳನ್ನು ಬಿಗಿಹಿಡಿದು ಬಿಡುವ ಕೀಗಲ್ ವ್ಯಾಯಾಮ ಮಾಡಿ ಅಂತ ಎಲ್ಲರೂ ಹೇಳುತ್ತಾರೆ. ಆರ್ನಾಲ್ಡ್ ಕೀಗಲ್ ಅನ್ನುವ ವೈದ್ಯರು 1948ರಲ್ಲಿ ಅದನ್ನು ಬರೆದಿದ್ದು ಹೆರಿಗೆಯಾದ ಹೆಂಗಸರಿಗಾಗಿ. ಗಂಡಸರಿಗೆ ಅದನ್ನು ಹೇಗೆ ಹೇಳಿಕೊಡಬೇಕು ಅನ್ನುವುದೇ ಒಂದು ಕಲೆ. 'ಬಿಗಿ ಹಿಡಿಯಿರಿ' ಅಂದರೆ ಹೆಚ್ಚಿನವರು ಪೃಷ್ಠ ಬಿಗಿಯುತ್ತಾರೆ, ಹೊಟ್ಟೆ ಒಳಗೆಳೆಯುತ್ತಾರೆ, ಉಸಿರು ಕಟ್ಟುತ್ತಾರೆ. ಇದರಿಂದ ಹೊಟ್ಟೆಯ ಒತ್ತಡ ಜಾಸ್ತಿಯಾಗಿ ಇನ್ನಷ್ಟು ಸೋರುತ್ತದೆ ಅಷ್ಟೆ. ಆಕೆ ಬೇರೆ ಥರ ಹೇಳಿದರು: 'ಶಿಶ್ನವನ್ನು ಒಳಕ್ಕೆ ಎಳೆದುಕೊಂಡು ಗಿಡ್ಡ ಮಾಡಿ ಸರ್. ಹೊಟ್ಟೆ ಅಲ್ಲಾಡಬಾರದು. ಮಾತಾಡ್ತಾ ಮಾಡಿ, ಆಗ ಉಸಿರು ಕಟ್ಟಲ್ಲ.' ಅಲ್ಟ್ರಾಸೌಂಡ್ ಪರದೆಯಲ್ಲಿ ಆ ಸ್ನಾಯು ಎದ್ದು ಇಳಿಯುವುದನ್ನು ತೋರಿಸಿದರು. ಬದುಕಿನುದ್ದಕ್ಕೂ ಹೆಸರೇ ಕೇಳದ ಒಂದು ಸ್ನಾಯು ನಾನು ಹೇಳಿದಂತೆ ಅಲ್ಲಾಡುತ್ತಿರುವುದನ್ನು ನೋಡಿ ಒಂಥರಾ ಖುಷಿಯಾಯಿತು.

ಇನ್ನೊಂದು ಮಾತನ್ನೂ ಒತ್ತಿ ಹೇಳಿದರು. ವ್ಯಾಯಾಮ ಅಂತ ಕೂತು ಮಾಡಿದರೆ ಸಾಲದು, ಕೆಮ್ಮುವ ಮೊದಲು, ಸೀನುವ ಮೊದಲು, ಕುರ್ಚಿಯಿಂದ ಏಳುವ ಮೊದಲು ಬಿಗಿಯಬೇಕು. ಮೊದಲು ಬಿಗಿ, ಆಮೇಲೆ ಕೆಮ್ಮು. ಇದು ಮೈಗೆ ಹತ್ತಲು ತಿಂಗಳುಗಟ್ಟಲೆ ಬೇಕಾಯಿತು. ಈಗ ಯೋಚನೆಯಿಲ್ಲದೇ ಆಗುತ್ತದೆ. ಸೀನು ಮಾತ್ರ ಈಗಲೂ ಕೆಲವೊಮ್ಮೆ ನನ್ನನ್ನು ಸೋಲಿಸುತ್ತದೆ.

ನೀರು ಕಡಿಮೆ ಕುಡಿದರೆ ಸೋರುವುದೂ ಕಡಿಮೆ ಅಂತ ತುಂಬಾ ಜನ ಲೆಕ್ಕ ಹಾಕುತ್ತಾರೆ. ಹಾಗಲ್ಲ. ಮೂತ್ರ ಗಟ್ಟಿಯಾದಷ್ಟೂ ಮೂತ್ರಕೋಶಕ್ಕೆ ಕಿರಿಕಿರಿ ಜಾಸ್ತಿ, ಅವಸರ ಜಾಸ್ತಿ. ಕಡಿಮೆ ಮಾಡಬೇಕಾದದ್ದು ಕಾಫಿ, ಟೀ, ಮದ್ಯ. ಮತ್ತೆ, ಪ್ಯಾಡ್ ವಿಷಯದಲ್ಲಿ ಗಂಡಸರಿಗೆ ಅಂತಲೇ ಮುಂಭಾಗ ಅಗಲವಾಗಿರುವ ಪ್ಯಾಡ್ ಸಿಗುತ್ತದೆ. ಅದನ್ನು ಬಿಗಿಯಾದ ಒಳಚಡ್ಡಿಯೊಳಗೆ ಹಾಕಬೇಕು. ಸಡಿಲ ಚಡ್ಡಿಯಲ್ಲಿ ಪ್ಯಾಡ್ ಜರುಗಿ ಎಲ್ಲೋ ಹೋಗುತ್ತದೆ. ಇಂಥ ಸಣ್ಣ ಸಂಗತಿಗಳನ್ನು ಯಾವ ತಜ್ಞರೂ ಹೇಳುವುದಿಲ್ಲ, ಇವನ್ನು ಅನುಭವಿಸಿದವರೇ ಹೇಳಬೇಕು.

ವರ್ಷ ಕಳೆಯುವಷ್ಟರಲ್ಲಿ ದಪ್ಪ ಪ್ಯಾಡ್ ಹೋಗಿ ತೆಳ್ಳಗಿನದು ಬಂತು. ಆಮೇಲೆ ಅಲ್ಲಿಗೇ ನಿಂತಿತು. ದಿನಕ್ಕೆ ಒಂದು ತೆಳ್ಳನೆಯ ಪ್ಯಾಡ್. ಇದು ಪೂರ್ತಿ ನಿಲ್ಲುವ ಲಕ್ಷಣ ಕಾಣಲಿಲ್ಲ. ಆದರೆ ಪ್ರಶ್ನೆಪಟ್ಟಿಯಲ್ಲಿ 'ಎಷ್ಟು ದೊಡ್ಡ ಸಮಸ್ಯೆ' ಅಂದಲ್ಲಿ ನಾನು ಹಾಕುವ ಗುರುತು ಸದ್ದಿಲ್ಲದೆ ಜರುಗುತ್ತಾ ಹೋಯಿತು. 'ದೊಡ್ಡ ಸಮಸ್ಯೆ' ಇದ್ದದ್ದು 'ಸಾಧಾರಣ' ಆಯಿತು, 'ಸಣ್ಣದು' ಆಯಿತು. ಕೊನೆಗೆ 'ತೀರಾ ಸಣ್ಣದು'. ಕೊನೆಯ ಎರಡು ಹೆಜ್ಜೆಗಳಲ್ಲಿ ಸೋರುವಿಕೆ ಅಷ್ಟೇ ಇತ್ತು, ಬದಲಾದವನು ನಾನು.

ಹಾಸಿಗೆಯ ವಿಷಯ ಇಷ್ಟು ಸಲೀಸಾಗಿರಲಿಲ್ಲ. ಅದನ್ನೂ ಬರೆಯಬೇಕು, ಇಲ್ಲದಿದ್ದರೆ ಈ ಬರಹವೇ ಸುಳ್ಳು.

ನಿಮಿರುವಿಕೆಗೆ ಬೇಕಾದ ನರಗಳು ಪ್ರಾಸ್ಟೇಟ್‌ನ ಎರಡೂ ಪಕ್ಕಕ್ಕೆ ಅಂಟಿಕೊಂಡು ಹಾದುಹೋಗುತ್ತವೆ. ಅವು ಎಲ್ಲಿವೆ ಅನ್ನುವುದೇ ಹಿಂದೆ ಸರಿಯಾಗಿ ಗೊತ್ತಿರಲಿಲ್ಲ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನ ಶಸ್ತ್ರವೈದ್ಯ ಪ್ಯಾಟ್ರಿಕ್ ವಾಲ್ಶ್ 1982ರಲ್ಲಿ ಆ ನರಗಳನ್ನು ಉಳಿಸಿ ಗ್ರಂಥಿ ಮಾತ್ರ ತೆಗೆಯುವ ಶಸ್ತ್ರಚಿಕಿತ್ಸೆ ಮಾಡಿದರು. ಅದಕ್ಕೂ ಮುಂಚೆ ಶಸ್ತ್ರಚಿಕಿತ್ಸೆ ಅಂದರೆ ಹೆಚ್ಚುಕಡಿಮೆ ಆ ಬದುಕು ಮುಗಿದ ಹಾಗೆ. ನನಗೆ ಒಂದು ಪಕ್ಕದ ನರ ಪೂರ್ತಿ ಉಳಿಸಿದರು, ಇನ್ನೊಂದು ಪಕ್ಕ ಗಡ್ಡೆ ಹತ್ತಿರವಿದ್ದುದರಿಂದ ಸ್ವಲ್ಪ ಮಾತ್ರ. ಉಳಿಸಿದ ನರವೂ ಕೂಡಲೇ ಕೆಲಸಕ್ಕೆ ಬರುವುದಿಲ್ಲ. ಎಳೆದಾಡಿದ್ದಕ್ಕೇ ಅದು ಮರಗಟ್ಟಿರುತ್ತದೆ. ಚೇತರಿಸಿಕೊಳ್ಳಲು 18 ತಿಂಗಳು, 2 ವರ್ಷವೂ ಬೇಕಾಗಬಹುದು.

ಮೊದಲೇ ತಿಳಿದಿದ್ದರೆ ಒಳ್ಳೆಯದು ಅನ್ನುವಂಥ ಕೆಲವು ವಿಷಯಗಳಿವೆ. ಗ್ರಂಥಿ ಮತ್ತು ವೀರ್ಯಕೋಶ ಎರಡೂ ಹೋಗಿರುವುದರಿಂದ ಇನ್ನು ವೀರ್ಯ ಬರುವುದಿಲ್ಲ. ಮಕ್ಕಳು ಬೇಕು ಅನ್ನುವವರು ಶಸ್ತ್ರಚಿಕಿತ್ಸೆಗೆ ಮೊದಲೇ ವೀರ್ಯ ತೆಗೆದಿಡಿಸಬೇಕು. ಆದರೆ ಸುಖದ ಅನುಭವ ಕೊಡುವ ನರ ಬೇರೆ, ಅದಕ್ಕೆ ಏನೂ ಆಗಿರುವುದಿಲ್ಲ. ನಿಮಿರದಿದ್ದರೂ ಆ ಕೊನೆಯ ಸುಖ ಬರುತ್ತದೆ. ಇದು ನನಗೆ ದೊಡ್ಡ ಅಚ್ಚರಿ. ಆ ಹೊತ್ತಿನಲ್ಲಿ ಒಂದಿಷ್ಟು ಮೂತ್ರ ಬರಬಹುದು, ಅದು ಅಚ್ಚರಿಯೂ ಹೌದು ಮುಜುಗರವೂ ಹೌದು. ಮೊದಲೇ ಮೂತ್ರ ಮಾಡಿಕೊಂಡು ಬಂದರೆ ಕಡಿಮೆಯಾಗುತ್ತದೆ.

ನಿಮಿರುವಿಕೆಗೆ ಮಾತ್ರೆ ಕೊಟ್ಟರು, ಟಡಾಲಫಿಲ್. ಹೃದಯಕ್ಕೆ ನೈಟ್ರೇಟ್ ಮಾತ್ರೆ ತೆಗೆದುಕೊಳ್ಳುವವರು ಇದನ್ನು ಮುಟ್ಟುವ ಹಾಗಿಲ್ಲ, ರಕ್ತದೊತ್ತಡ ಅಪಾಯಕ್ಕೆ ಇಳಿಯುತ್ತದೆ. ನರವೇ ಎಚ್ಚರಗೊಳ್ಳದೆ ಮಾತ್ರೆ ಏನು ಮಾಡೀತು? ಮೊದಲ ತಿಂಗಳುಗಳಲ್ಲಿ ತಲೆನೋವು ಬಂತು, ಮತ್ತೇನೂ ಬರಲಿಲ್ಲ. ಆಮೇಲೆ ಗಾಳಿ ಹೀರಿ ನಿಮಿರಿಸುವ ವ್ಯಾಕ್ಯೂಮ್ ಪಂಪ್. ಒಂದು ಪ್ಲಾಸ್ಟಿಕ್ ಕೊಳವೆ, ಕೈಯಲ್ಲಿ ಒತ್ತುವ ಪಂಪ್, ಬುಡಕ್ಕೆ ಹಾಕುವ ರಬ್ಬರ್ ಉಂಗುರ. ಉಂಗುರ ಅರ್ಧ ಗಂಟೆಗಿಂತ ಹೆಚ್ಚು ಇರಬಾರದು. ಮೊದಲ ಸಲ ನನ್ನ ಹೆಂಡತಿ ಬಳಕೆಯ ವಿವರದ ಹಾಳೆ ಹಿಡಿದು ಗಟ್ಟಿಯಾಗಿ ಓದುತ್ತಾ ಹೋದಳು, ನಾನು ಪಂಪ್ ಒತ್ತುತ್ತಾ ಹೋದೆ. 'ನಿಧಾನಕ್ಕೆ ಅಂತ ಬರೆದಿದೆ ರೀ' ಅಂದಳು. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಅವತ್ತು ಕೆಲಸ ಕೆಟ್ಟಿತು, ಆದರೆ ಎಷ್ಟೋ ತಿಂಗಳ ಮೇಲೆ ಆ ಕೋಣೆಯಲ್ಲಿ ನಕ್ಕಿದ್ದೆವು.

ಅದಕ್ಕೂ ಮೊದಲು ಆಕೆ ಒಂದು ಮಾತು ಹೇಳಿದ್ದಳು. 'ಅದು ಆಗಲ್ಲ ಅಂದ್ರೆ ಬಿಡಿ. ಪಕ್ಕದಲ್ಲಿ ಕೂರೋದನ್ನ, ಕೈ ಹಿಡಿಯೋದನ್ನ ಯಾಕೆ ಬಿಟ್ರಿ?' ಅವಳು ಹೇಳುವವರೆಗೂ ನಾನು ಬಿಟ್ಟಿದ್ದೇನೆ ಅಂತಲೇ ನನಗೆ ತಿಳಿದಿರಲಿಲ್ಲ. ಕೈ ಹಿಡಿದರೆ ಮುಂದಕ್ಕೆ ಹೋಗಬೇಕಾಗುತ್ತದೆ, ಹೋದರೆ ಆಗುವುದಿಲ್ಲ, ಅದಕ್ಕೆ ಹಿಡಿಯುವುದೇ ಬೇಡ. ಒಳಗೊಳಗೆ ಇದೇ ಲೆಕ್ಕ ನಡೆದಿತ್ತು. ಇದೇ ಕಾಯಿಲೆಯ ಬೇರೆ ಗಂಡಸರ ಜೊತೆ ಮಾತಾಡಿದಾಗ ಅವರೂ ಇದನ್ನೇ ಮಾಡಿದ್ದರು. ಶಿಶ್ನಕ್ಕೆ ಚುಚ್ಚುವ ಇಂಜೆಕ್ಷನ್, ಒಳಗೆ ಕೂರಿಸುವ ಇಂಪ್ಲಾಂಟ್ ಎಂದು ಮುಂದಿನ ದಾರಿಗಳೂ ಇವೆ. ಇಂಜೆಕ್ಷನ್ ಹಾಕಿಕೊಂಡಾಗ 4 ಗಂಟೆ ಕಳೆದರೂ ನಿಮಿರುವಿಕೆ ಇಳಿಯದಿದ್ದರೆ ತುರ್ತು ಚಿಕಿತ್ಸೆಗೆ ಓಡಬೇಕು. ನಮಗೆ ಅಲ್ಲಿಯವರೆಗೆ ಹೋಗುವುದು ಬೇಡ ಅನಿಸಿತು. ನಿಧಾನವಾಗಿ ಮಾತ್ರೆಯೂ ಅಷ್ಟಿಷ್ಟು ಕೆಲಸ ಮಾಡತೊಡಗಿತ್ತು.

ಅಷ್ಟರಲ್ಲಿ ಪಿಎಸ್‌ಎ ತಲೆ ಎತ್ತಿತು.

ಗ್ರಂಥಿಯೇ ಇಲ್ಲದ ಮೇಲೆ ಪಿಎಸ್‌ಎ ಏರುತ್ತದೆ ಅಂದರೆ ಎಲ್ಲೋ ಕೆಲವು ಕಣಗಳು ಉಳಿದಿವೆ ಅಂತ ಅರ್ಥ. ಎರಡು ಸಲ ನೋಡಿದಾಗಲೂ 0.2 ದಾಟಿದರೆ ಕಾಯಿಲೆ ಮರಳಿದೆ ಎಂದು ಲೆಕ್ಕ. ರೇಡಿಯೇಷನ್ ಕೊಡೋಣ, ಜೊತೆಗೆ 6 ತಿಂಗಳು ಹಾರ್ಮೋನ್ ತಗ್ಗಿಸುವ ಇಂಜೆಕ್ಷನ್ ಅಂದರು. ಈ ಕ್ಯಾನ್ಸರ್ ಗಂಡಸರ ಹಾರ್ಮೋನ್ ಆದ ಟೆಸ್ಟೋಸ್ಟೆರಾನ್ ಬಲದಿಂದ ಬೆಳೆಯುತ್ತದೆ ಎಂದು ವೈದ್ಯವಿಜ್ಞಾನಿ ಚಾರ್ಲ್ಸ್ ಹಗಿನ್ಸ್ 1941ರಲ್ಲೇ ತೋರಿಸಿದ್ದರು, 1966ರಲ್ಲಿ ಅವರಿಗೆ ನೊಬೆಲ್ ಬಂತು. ಆ ಹಾರ್ಮೋನನ್ನು ಬತ್ತಿಸುವುದೇ ಇಂಜೆಕ್ಷನ್ನಿನ ಕೆಲಸ.

ರೇಡಿಯೇಷನ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನೋವಿಲ್ಲ, ಮೇಜಿನ ಮೇಲೆ ಅಲ್ಲಾಡದೆ ಮಲಗಬೇಕು, ಯಂತ್ರ ಸುತ್ತುತ್ತದೆ, ಎದ್ದು ಬರಬೇಕು. ತಮಾಷೆ ಇದ್ದದ್ದು ಒಂದೇ ಕಡೆ: ಮೂತ್ರಕೋಶ ತುಂಬಿರಬೇಕು. ತುಂಬಿದ್ದರೆ ಅದು ಕಿರಣದ ದಾರಿಯಿಂದ ಸ್ವಲ್ಪ ಮೇಲಕ್ಕೆ ಸರಿಯುತ್ತದೆ, ಕರುಳನ್ನೂ ದೂರ ತಳ್ಳುತ್ತದೆ. ಸೋರುವವನಿಗೆ ತುಂಬಿಸಿಕೊಂಡು ಬಾ ಅಂದರೆ ಹೇಗೆ? ಒಳಗೆ ಕರೆಯುವುದು ಸ್ವಲ್ಪ ತಡವಾದರೂ ಕಾಯುವ ಸಾಲಿನಲ್ಲಿ ಕಾಲು ಹೆಣೆದುಕೊಂಡು ಕೂತಿರುತ್ತಿದ್ದೆವು. ಎಲ್ಲ ವಯಸ್ಸಾದ ಗಂಡಸರು, ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಕೊನೆಕೊನೆಗೆ ಮಲಕ್ಕೆ ಅವಸರ, ಲೋಳೆ, ಸುಸ್ತು ಬಂದವು. ಮುಗಿದ ಕೆಲವು ವಾರಗಳಲ್ಲಿ ಹೋದವು. ವರ್ಷಗಳ ಮೇಲೆ ಮಲದಲ್ಲಿ ರಕ್ತ ಕಾಣಿಸಬಹುದು, ಕಂಡರೆ ತಿಳಿಸಿ ಎಂದಿದ್ದಾರೆ.

ಹಾರ್ಮೋನ್ ಇಂಜೆಕ್ಷನ್ ಮಾತ್ರ ನನ್ನನ್ನೇ ಬೇರೆ ಮಾಡಿತು. ಮಧ್ಯರಾತ್ರಿ ಎದೆಯಿಂದ ಶುರುವಾಗಿ ಕುತ್ತಿಗೆ, ಕಿವಿಯವರೆಗೆ ಬಿಸಿ ಏರುತ್ತಿತ್ತು. ಹೊದಿಕೆ ಒದ್ದು ಎದ್ದು ಕೂರುವಷ್ಟರಲ್ಲಿ ಬನಿಯನ್ ಬೆವರಿನಲ್ಲಿ ತೊಯ್ದಿರುತ್ತಿತ್ತು. ಎರಡು ನಿಮಿಷಕ್ಕೆ ಅದೇ ಬೆವರು ತಣ್ಣಗಾಗಿ ಚಳಿ. ಹೆಂಡತಿ ಕಣ್ಣು ಮುಚ್ಚಿಕೊಂಡೇ 'ಈಗ ಗೊತ್ತಾಯ್ತಾ' ಅಂದಳು. ಅವಳು ಮುಟ್ಟು ನಿಲ್ಲುವ ಕಾಲದಲ್ಲಿ ವರ್ಷಗಟ್ಟಲೆ ಇದನ್ನೇ ಪಟ್ಟಿದ್ದಳು, ನಾನು ಪಕ್ಕದಲ್ಲಿ ಗೊರಕೆ ಹೊಡೆಯುತ್ತಿದ್ದೆ. ಹೊಟ್ಟೆ ಬಂತು, ತೋಳು ತೆಳ್ಳಗಾಯಿತು. ಯಾರದೋ ಬೀಳ್ಕೊಡುಗೆಯಲ್ಲಿ ಎರಡು ಮಾತಾಡಲು ನಿಂತು ಗಂಟಲು ಕಟ್ಟಿತು. ಆ ಮನುಷ್ಯ ನನಗೆ ಅಷ್ಟು ಬೇಕಾದವನೂ ಅಲ್ಲ. ಮೂಳೆ ಸವೆಯುತ್ತದೆ ಅಂತ ಮೂಳೆಯ ಗಟ್ಟಿತನ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಿದರು, ವಿಟಮಿನ್ ಡಿ ಕೊಟ್ಟರು, ಭಾರ ಎತ್ತುವ ವ್ಯಾಯಾಮ ಮಾಡಲೇಬೇಕು ಅಂದರು. ಸುಸ್ತಾದವನಿಗೆ ವ್ಯಾಯಾಮ ಹೇಳುವುದು ಕ್ರೂರ ಅನಿಸಿತ್ತು. ಆದರೆ ಸುಸ್ತು ಇಳಿಸಿದ್ದು ಅದೊಂದೇ.

ಆಗ ಪ್ರಶ್ನೆಪಟ್ಟಿ ಒಂದು ವಿಚಿತ್ರ ತೋರಿಸಿತು. ನಿಮಿರುವಿಕೆ: ಇಲ್ಲವೇ ಇಲ್ಲ. ಅದು ಎಷ್ಟು ದೊಡ್ಡ ಸಮಸ್ಯೆ: ಸಮಸ್ಯೆಯೇ ಇಲ್ಲ. ಸುಳ್ಳು ಬರೆಯಲಿಲ್ಲ, ನಿಜವಾಗಿಯೂ ಏನೂ ಅನಿಸುತ್ತಿರಲಿಲ್ಲ. ಬೇಕು ಅನ್ನುವುದೇ ಹೊರಟುಹೋಗಿತ್ತು. ಮೊದಲು ಆಗದಿದ್ದಾಗ ಸಂಕಟವಾದರೂ ಇತ್ತು, ಈಗ ಅದೂ ಇಲ್ಲ. ಹಾಳೆಯ ಮೇಲೆ ನನ್ನ ಅಂಕ ಸುಧಾರಿಸಿದಂತೆ ಕಾಣುತ್ತಿತ್ತು. ಹೆಂಡತಿ ಅದನ್ನು ಓದಿ, 'ನಿಮಗೆ ಸಮಸ್ಯೆ ಇಲ್ಲ ಸರಿ, ನನ್ನನ್ನ ಯಾರು ಕೇಳಿದ್ರು?' ಅಂದಳು. ಅಂಚಿನಲ್ಲಿ ಬರೆದೆ: ಹೆಂಡತಿಗೆ ಸಮಸ್ಯೆ ಇದೆ. ಹಾಳೆ ತೆಗೆದುಕೊಂಡ ಹುಡುಗಿ, 'ಅಂಚಲ್ಲಿ ಬರೆದಿದ್ದು ಕಂಪ್ಯೂಟರ್‌ಗೆ ಹೋಗಲ್ಲ ಸರ್' ಅಂದಳು. ಅಂದಿನಿಂದ ಹೆಂಡತಿಯೇ ನನ್ನ ಜೊತೆ ಡಾಕ್ಟರ್ ಕೋಣೆಗೆ ಬರುತ್ತಾಳೆ. ಅವಳು ಕೇಳುವ ಪ್ರಶ್ನೆಗಳಿಗೆ ಡಾಕ್ಟರ್ ಪೆನ್ನು ಕೆಳಗಿಟ್ಟು ಉತ್ತರ ಕೊಡುತ್ತಾರೆ.

ಆ ಪಟ್ಟಿ ಕೇಳದ ಇನ್ನೊಂದು ವಿಷಯ ಭಯ. ಪಿಎಸ್‌ಎ ಕೊಟ್ಟು ಬಂದ ದಿನದಿಂದ ರಿಪೋರ್ಟ್ ಬರುವವರೆಗೆ ನಾನು ಮನೆಯಲ್ಲಿದ್ದೂ ಇಲ್ಲದ ಹಾಗೆ. ಕೆಲವು ಲ್ಯಾಬ್‌ಗಳು ದಶಮಾಂಶದ ಮೂರು ಸ್ಥಾನದವರೆಗೆ ಹೇಳುತ್ತವೆ. ಆ ಮೂರನೆಯ ಅಂಕೆ ಸುಮ್ನೆ ಒಂದಿಷ್ಟು ಆಚೀಚೆ ಆಡುತ್ತಿರುತ್ತದೆ, ಅದರ ಜೊತೆ ನನ್ನ ನಿದ್ದೆಯೂ. ಅದಕ್ಕೆ ಪ್ರತಿ ಸಲ ಒಂದೇ ಲ್ಯಾಬ್‌ನಲ್ಲಿ ಮಾಡಿಸುತ್ತೇನೆ, ರಿಪೋರ್ಟನ್ನು ಮಗಳು ಮೊದಲು ನೋಡುತ್ತಾಳೆ.

ಇಂಜೆಕ್ಷನ್ ನಿಲ್ಲಿಸಿದ ಮೇಲೆ ಟೆಸ್ಟೋಸ್ಟೆರಾನ್ ಮರಳಲು ಇನ್ನೂ ತಿಂಗಳುಗಳು ಹಿಡಿದವು. ಬಿಸಿ ಏರುವುದು ಮೊದಲು ಹೋಯಿತು, ಹೊಟ್ಟೆ ಹೋಗಲಿಲ್ಲ. ಬೇಕು ಅನ್ನುವುದು ಮರಳಿತು, ಜೊತೆಗೆ ಹಾಳೆಯಲ್ಲಿ 'ಸಾಧಾರಣ ಸಮಸ್ಯೆ'ಯೂ ಮರಳಿತು. ಅಂಕ ಇಳಿದದ್ದಕ್ಕೆ ಖುಷಿಪಟ್ಟ ರೋಗಿ ನಾನೊಬ್ಬನೇ ಇರಬೇಕು. ಉಳಿದ ಸೋರುವಿಕೆಗೆ ಸ್ಲಿಂಗ್ ಅನ್ನುವ ಪಟ್ಟಿ ಹಾಕಬಹುದು, ಮೂತ್ರನಾಳಕ್ಕೆ ಕೆಳಗಿನಿಂದ ಆಸರೆಯಾಗುತ್ತದೆ ಎಂದು ಡಾಕ್ಟರ್ ಹೇಳಿದರು. ರೇಡಿಯೇಷನ್ ಆದವರಲ್ಲಿ ಅದು ಅಷ್ಟು ಚೆನ್ನಾಗಿ ಕೆಲಸ ಮಾಡುವುದಿಲ್ಲ ಅಂತಲೂ ಅವರೇ ಹೇಳಿದರು. ಒಂದು ತೆಳ್ಳನೆ ಪ್ಯಾಡ್‌ಗಾಗಿ ಇನ್ನೊಂದು ಶಸ್ತ್ರಚಿಕಿತ್ಸೆ ನನಗೆ ಬೇಡ. ದಿನಕ್ಕೆ ಹಲವು ಪ್ಯಾಡ್ ಬದಲಿಸುವವರಿಗೆ ಕೃತಕ ಬಿಗಿಸ್ನಾಯು ಕೂಡ ಇದೆ, ಅವರು ಕೇಳಿ ನೋಡಲೇಬೇಕು.

ಮೊನ್ನೆ ಹಳೆಯ ಗೆಳೆಯನೊಬ್ಬ ಫೋನ್ ಮಾಡಿದ. ಅವನಿಗೂ ಇದೇ. ಗಡ್ಡೆ ಇನ್ನೂ ಗ್ರಂಥಿಯೊಳಗೇ ಇದೆ, ಅಷ್ಟು ಜೋರಿನದ್ದೂ ಅಲ್ಲ. 'ಆಪರೇಷನ್ನಾ, ರೇಡಿಯೇಷನ್ನಾ, ಯಾವುದು ಒಳ್ಳೇದು ಹೇಳೋ' ಅಂದ. ಬ್ರಿಟನ್ನಿನಲ್ಲಿ ನಡೆದ ಪ್ರೊಟೆಕ್ಟ್ ಅಧ್ಯಯನದ ಕಥೆ ಹೇಳಿದೆ. ಗ್ರಂಥಿಯೊಳಗೇ ಕಾಯಿಲೆ ಇದ್ದ 1,643 ಗಂಡಸರನ್ನು ಮೂರು ಗುಂಪು ಮಾಡಿ, ಒಂದಕ್ಕೆ ಶಸ್ತ್ರಚಿಕಿತ್ಸೆ, ಒಂದಕ್ಕೆ ರೇಡಿಯೇಷನ್, ಒಂದಕ್ಕೆ ಬರೀ ನಿಗಾ. 2023ರಲ್ಲಿ 15 ವರ್ಷದ ಲೆಕ್ಕ ಹೊರಬಂತು. ಮೂರೂ ಗುಂಪಿನಲ್ಲಿ ಸುಮಾರು 97% ಮಂದಿ ಈ ಕ್ಯಾನ್ಸರ್‌ನಿಂದ ಸತ್ತಿರಲಿಲ್ಲ. ವ್ಯತ್ಯಾಸ ಇದ್ದದ್ದು ಬದುಕಿನ ರೀತಿಯಲ್ಲಿ: ಶಸ್ತ್ರಚಿಕಿತ್ಸೆ ಆದವರಿಗೆ ಸೋರುವಿಕೆ ಜಾಸ್ತಿ, ರೇಡಿಯೇಷನ್ ಆದವರಿಗೆ ಮಲದ ತೊಂದರೆ ಜಾಸ್ತಿ. 'ಹಾಗಾದರೆ ಯಾವ ತೊಂದರೆ ನಿನಗೆ ಕಡಿಮೆ ಕಾಡುತ್ತೆ ಅಂತ ನೋಡ್ಕೋ. ಬರೀ ನಿಗಾ ಇಟ್ಟರೆ ಸಾಕಾ ಅಂತಲೂ ಕೇಳು' ಅಂದೆ. ಅವನು ಬಹಳ ಹೊತ್ತು ಯೋಚಿಸಿ, ಡಾಕ್ಟರ್ ಹತ್ತಿರ ಮತ್ತೆರಡು ಸಲ ಮಾತಾಡಿ, ರೇಡಿಯೇಷನ್ ಆರಿಸಿಕೊಂಡ. ಮುಂದಿನ ವಾರ ಶುರು. ನಿನ್ನೆ ಮತ್ತೆ ಫೋನ್ ಮಾಡಿ, ಮೂತ್ರಕೋಶ ಸರಿಯಾಗಿ ತುಂಬಬೇಕಾದರೆ ಎಷ್ಟು ಹೊತ್ತಿಗೆ ಮುಂಚೆ ನೀರು ಕುಡಿಯಬೇಕು ಅಂತ ಕೇಳಿದ. ಮನೆಯಲ್ಲೇ ಒಂದೆರಡು ದಿನ ಗಡಿಯಾರ ಇಟ್ಟುಕೊಂಡು ಅಭ್ಯಾಸ ಮಾಡು, ಅಲ್ಲಿ ತಡವಾಗುತ್ತೆ ಅಂತ ಲೆಕ್ಕ ಇಟ್ಕೊಂಡೇ ಕುಡಿ ಅಂತ ಹೇಳಿದ್ದೇನೆ.